ಕೋಲ್ಡ್ ಸ್ಟೋರೇಜಿನಿಂದ ಬಂದ ಕಾಫಿ

೨೦೦೭ರ ಮಾರ್ಚ್, ಯುಗಾದಿಗೆ ಇನ್ನೂ ಎರಡು ದಿನ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಸುರೇಖಾ ರಾಣೆಬೆನ್ನೂರಿನ ತನ್ನ ಕಾಫಿಪುಡಿ ಅಂಗಡಿಯಲ್ಲಿ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಮುಮ್ತಾಜಬಿಯ ಮುಂದಿಟ್ಟಳು. ಮುಮ್ತಾಜಬಿ ಅಂಗಡಿಯಲ್ಲಿ ಬೀಜ ಆರಿಸುವವಳು, ವಯಸ್ಸಿನಲ್ಲಿ ಹಿರಿಯಳು. ಒಂದು ಗುಟುಕು ಕುಡಿದವಳೇ ಕೆಮ್ಮತೊಡಗಿದಳು.

“ಯವ್ವಾ, ಇದೇನ ಕಾಫಿನೋ, ಸಾರೋ? ಜೋಡಿ ರೊಟ್ಟಿ ಐತೇನು?”

“ಹಂಗ್ಯಾಕ ಅಂತೀ? ನನಗೇನೂ ಅನಸವಲ್ದು.”

“ನಿನಗ ಹೆಂಗ ಅನಸ್ತೈತಿ? ಬ್ಯಾಡಗಿ ಮೂಗು ನಿಂದು. ತೊಟ್ಟಿಲದಾಗ ಇದ್ದಾಗಿಂದ ಮೆಣಸಿನಕಾಯಿ ಘಾಟು ಕುಡದಾಕಿ.”

ಮಾತು ನಿಜ. ಸುರೇಖಾಳ ತವರು ಬ್ಯಾಡಗಿ, ಮನೆತನದ್ದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ಪರ ಊರಿನವರು ಬಸ್ಸಿನಿಂದ ಇಳಿಯುತ್ತಲೇ ಸೀನುತ್ತಾರೆ; ಊರಿನವರು ಸೀನುವುದಿಲ್ಲ. ಖರೀದಿಗೆ ಬಂದು ಅವರ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ ಮಧುರೈನ ವ್ಯಾಪಾರಿಯೊಬ್ಬರಿಗೆ ಇಲ್ಲಿಯ ಚಹಾ ಸೇರುತ್ತಿರಲಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಕಾಫಿಬೀಜ ಹುರಿಯುವುದನ್ನು, ಚಟಪಟ ಸದ್ದು ಕೇಳಿ ಉರಿ ತಗ್ಗಿಸುವುದನ್ನು ಅವರೇ ಅವಳಿಗೆ ಕಲಿಸಿದರು. ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಅವಳು ಅಂಗಡಿ ತೆರೆದಳು. ಚಹಾ ಕುಡಿಯುವ ಊರಿನಲ್ಲಿ ಕಾಫಿ ಯಾರಿಗೆ ಎಂದು ಕೇಳಿದವರೂ ನಿಧಾನವಾಗಿ ಗಿರಾಕಿಗಳಾದರು. ಯಾರೇ ಬಂದರೂ ಅವಳು ಮೊದಲು ಕೇಳುವುದು ಒಂದೇ: “ಹಾಲು ಎಷ್ಟ ಹಾಕ್ತೀರಿ?” ಹಾಲು ಹೆಚ್ಚೆಂದರೆ ಕಪ್ಪಾಗಿ ಹುರಿದ ರೋಬಸ್ಟಾ, ಜೊತೆಗೆ ಸ್ವಲ್ಪ ಚಿಕೋರಿ. ಕಡಿಮೆಯೆಂದರೆ ನಸುಗಂದು ಬಣ್ಣಕ್ಕೆ ಹುರಿದ, ದುಂಡನೆಯ ಒಂಟಿ ಬೀಜದ ಪೀಬೆರಿ, ಅದಕ್ಕೆ ಚಿಕೋರಿ ಇಲ್ಲ.

ಆ ವರ್ಷ ಮೋಟೆಬೆನ್ನೂರಿನ ಹೈವೇ ಪಕ್ಕದಲ್ಲಿ ಅಜ್ಜಪ್ಪ ಹೊಸ ಹೋಟೆಲು ಕಟ್ಟಿದ್ದ. ಯುಗಾದಿಯಂದು ಶುರು. ತಿಂಗಳಿಗೆ ಹದಿನೈದು ಕಿಲೋ ಪುಡಿ ಕೇಳಿದ್ದ. ಅವಳ ಅಂಗಡಿಗೆ ಅಷ್ಟು ದೊಡ್ಡ ಗಿರಾಕಿ ಅದುವರೆಗೆ ಬಂದಿರಲಿಲ್ಲ. ಕೊನೆ ಗಳಿಗೆಯ ಅವಸರ ಬೇಡವೆಂದು ಸುರೇಖಾ ಮೊದಲೇ ಎಲ್ಲ ಬೀಜ ಹುರಿದಳು. ಆದರೆ ಅಂಗಡಿಗೆ ತಗಡಿನ ಮಾಡು. ಆ ಕಾವಿಗೆ ಹುರಿದ ಬೀಜದ ಮೈಮೇಲೆ ಎಣ್ಣೆ ಮೂಡತೊಡಗಿತು; ಹಾಗೇ ಬಿಟ್ಟರೆ ಘಮ ಹೋಗುತ್ತದೆ.

ಅವಳ ಅಣ್ಣ ಕೊಟ್ರೇಶ ನಕ್ಕಿದ್ದ. “ನಮ್ಮ ಮಾಲಿನ ಜೋಡಿ ಕೋಲ್ಡ್ ಸ್ಟೋರೇಜನ್ಯಾಗ ಇಡು. ಮೆಣಸಿನಕಾಯಿ ಬಣ್ಣಾನ ವರ್ಷಗಟ್ಟಲೆ ಹಿಡದಿಡತೈತಿ. ನಿನ್ನ ಕಾಫಿ ಯಾವ ಲೆಕ್ಕ?”

ಬ್ಯಾಡಗಿಯವರಿಗೆ ಕೋಲ್ಡ್ ಸ್ಟೋರೇಜಿನ ಮೇಲಿರುವ ನಂಬಿಕೆ ದೊಡ್ಡದು. ಸುರೇಖಾಳಿಗೂ ಇತ್ತು. ಬಟ್ಟೆ ಚೀಲಗಳಲ್ಲಿ ತುಂಬಿ ಮೆಣಸಿನಕಾಯಿ ಚೀಲಗಳ ಪಕ್ಕದಲ್ಲೇ ಇಡಿಸಿದಳು. ಹುರಿದ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ಅಲ್ಲಿ ವಾಸನೆಯೊಂದಿದೆ ಎಂದೇ ಅವಳಿಗೆ ಅನ್ನಿಸಿರಲಿಲ್ಲ. ಸಾಲದ್ದಕ್ಕೆ, ತಣ್ಣಗಿದ್ದ ಚೀಲಗಳನ್ನು ಹಿಂದಿನ ದಿನ ಹೊರಗೆ ತಂದ ಕೂಡಲೇ ಬಿಚ್ಚಿದ್ದಳು. ಬಿಸಿ ಗಾಳಿ ತಾಗಿ ಬೀಜದ ಮೇಲೆ ನೀರು ಕೂತಿತ್ತು.

ಮುಮ್ತಾಜಬಿ ಕೆಮ್ಮಿದ ಮೇಲೆ ಇದೆಲ್ಲ ಹೊಳೆದು, ಕೊಟ್ರೇಶನಿಗೆ ಫೋನು ಮಾಡಿದಳು.

“ಚಿಕೋರಿ ಜಾಸ್ತಿ ಸುರುವು. ಯಾರಿಗೂ ತಿಳ್ಯಂಗಿಲ್ಲ,” ಎಂದ.

“ಮುಮ್ತಾಜಬಿಗೆ ತಿಳದೈತಿ. ಅಷ್ಟ ಸಾಕು. ಚೀಲ ನಿಮ್ಮನಿಗೇ ಕಳಸ್ತೇನಿ, ನೀನ ಕುಡಿ.”

ಕೂತು ಪಶ್ಚಾತ್ತಾಪಪಡುವ ಸ್ವಭಾವ ಅವಳದಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಲಗೆಯ ಮೇಲೆ, ಹಸಿ ಬೀಜದ ಒಂದು ಸಣ್ಣ ಚೀಲ ಉಳಿದಿತ್ತು. ಹಸಿ ಬೀಜ ತಿಂಗಳುಗಟ್ಟಲೆ ಕೆಡದು. ಹುರಿದ ಮೇಲೆಯೇ ಅದಕ್ಕೆ ಅವಸರ. ಹತ್ತು ಗಂಟೆಯೊಳಗೆ ಹುರಿದು, ಆರಲು ಹರಡಿದಳು. ಹುರಿದ ಬೀಜದೊಳಗಿನ ಗಾಳಿ ಹೊರಹೋಗಲು ಒಂದು ದಿನವಾದರೂ ಬೇಕು. ಮರುದಿನ ಬೀಸಿ, ಮುಚ್ಚಳ ಬಿಗಿಯಾದ ಸ್ಟೀಲಿನ ಡಬ್ಬಿಗೆ ಅದುಮಿ ತುಂಬಿದಳು. ಕೇಳಿದ್ದರ ಮೂರರಲ್ಲಿ ಒಂದು ಪಾಲೂ ಆಗಲಿಲ್ಲ. ಸಂಜೆಯ ಬಸ್ಸಿಗೆ ಮೋಟೆಬೆನ್ನೂರಿಗೆ ಹೊರಟಳು.

ಡಬ್ಬಿ ನೋಡಿ ಅಜ್ಜಪ್ಪ ಹುಬ್ಬೇರಿಸಿದ. “ಏನ ತಂಗಿ, ಹೋಟೆಲಿಗೆ ತಂದೀಯೋ, ದೇವರ ನೈವೇದ್ಯಕ್ಕೋ?”

ಸುರೇಖಾ ನಡೆದುದನ್ನೆಲ್ಲ ಹೇಳಿದಳು. “ತಪ್ಪು ನಂದು, ಅಜ್ಜಪ್ಪಣ್ಣ. ಬೇಕಂದ್ರ ಬ್ಯಾರೆಯವರ ಕಡೆ ತಗೋರಿ. ಆ ಮಾಲು ಮಾತ್ರ ನಾ ಕೊಡಂಗಿಲ್ಲ.”

“ಹೈವೇದಾಗ ಹೋಗೋರಿಗೆ ಏನ ತಿಳೀತೈತಿ?”

“ತಿಳದ್ರ ಮತ್ತ ನಿಲ್ಲಂಗಿಲ್ಲ. ಯಾಕ ನಿಲ್ಲಲಿಲ್ಲ ಅಂತ ಹೇಳಾಕೂ ಬರಂಗಿಲ್ಲ.”

ಅಜ್ಜಪ್ಪ ಅಡುಗೆಮನೆ ತೋರಿಸಿದ. ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಕೊಟ್ಟಳು. ಅವನು ನಿಂತೇ ಕುಡಿದ. ಲೋಟ ಕೆಳಗಿಟ್ಟು, “ಇನ್ನೊಂದ ಮಾಡು,” ಎಂದ.

ಅಷ್ಟರಲ್ಲಿ ಅವಳು ಒಲೆಯ ಮೇಲಿನ ಹಲಗೆಯಲ್ಲಿ ಮಸಾಲೆ ಡಬ್ಬಿಗಳ ಸಾಲಿಗೆ ಸೇರಿದ್ದ ತನ್ನ ಡಬ್ಬಿಯನ್ನು ಇಳಿಸಿ, ಗಲ್ಲೆಯ ಹಿಂದಿನ ತಂಪಾದ ಗೂಡಿನಲ್ಲಿಟ್ಟು ಬಂದಳು. ಅಜ್ಜಪ್ಪ ಹೊಸ ಸ್ಟೀಲಿನ ಡ್ರಮ್ಮೊಂದನ್ನು ಬಡಿದು ತೋರಿಸಿದ.

“ಹಬ್ಬ ಮುಗಿದ ಮ್ಯಾಲೆ ತಿಂಗಳದ್ದು ಒಮ್ಮೆಲೇ ತಂದು ಇದಕ್ಕ ಸುರುವಿಬಿಡು. ನನಗೂ ಚಿಂತಿಲ್ಲ, ನಿನಗೂ ಇಲ್ಲ.”

“ಅದರಾಗ ಅಕ್ಕಿ ಹಾಕ್ರಿ. ಕಾಫಿ ಮುಗದಂಗ ಮುಗದಂಗ ಹೊಸಾದು ಹುರದು ಬಸ್ಸಿಗೆ ಇಡ್ತೇನಿ.”

“ಅಬ್ಬಬ್ಬಾ, ಕೊಡಾಕಿ ನೀನೋ, ತಗೊಳ್ಳಾಂವ ನಾನೋ? ಆತು, ಒಂದ ಸಲಕ್ಕ ಎಷ್ಟ ಕೊಡ್ತೀ, ಅದನ್ನರ ಹೇಳು.”

ಹೊರಗೆ ಲಾರಿಯೊಂದು ಹಾದುಹೋಯಿತು. ಸದ್ದು ಅಡಗುವವರೆಗೆ ಕಾದು, ಅಡುಗೆಮನೆಯಲ್ಲಿದ್ದವರಿಗೆಲ್ಲ ಕೇಳುವಂತೆ ಸುರೇಖಾ ಹೇಳಿದಳು:

“ಎರಡು ಕಿಲೋ.”