ಹೆಂಡತಿಯ ಪಥ್ಯ, ನನ್ನ ಬಟ್ಟಲು

ನನ್ನ ಹೆಂಡತಿಗೆ ಆರು ತಿಂಗಳಿಂದ ಎದೆಯುರಿ, ಹುಳಿತೇಗು. ಉಂಡದ್ದು ಮೈಗೆ ಹತ್ತದೆ ರವಿಕೆಗಳೆಲ್ಲ ಸಡಿಲವಾಗಿದ್ದವು. ನಾನು ಭಾರಿ ಕಾಳಜಿಯ ಗಂಡ ನೋಡಿ, ಆರನೇ ತಿಂಗಳಿಗೇ ಗಮನಿಸಿ, ಹೊನ್ನಾಳಿಯಿಂದ ಬಸ್ಸು ಹತ್ತಿಸಿ ನ್ಯಾಮತಿಯ ಆಯುರ್ವೇದ ಪಂಡಿತರ ಹತ್ತಿರ ಕರೆದೊಯ್ದೆ.

ಪಂಡಿತರು ಅವಳ ನಾಡಿ ಹಿಡಿದು, "ಔಷಧಿಗಿಂತ ಬೆಳಗಿನ ತಿಂಡಿ ಮುಖ್ಯ ಕಣಮ್ಮ. ಹಳೇ ಅಕ್ಕಿ, ಹೆಸರುಬೇಳೆ ಗಂಜಿ ಮಾಡ್ಕಳ್ರಿ. ಜೀರಿಗೆ, ಒಂದು ಚಮಚ ತುಪ್ಪ. ಬಿಸಿ ಇದ್ದಾಗ್ಲೇ ತಿನ್ರಿ" ಎಂದರು.

ಮನೆಗೆ ಬಂದ ಕೂಡಲೇ ಆ ಗಂಜಿಯ ಮೇಲೆ ಸಭೆ ಸೇರಿತು. "ನಂಗೂ ವಾಯು ಐತೆ, ನಂಗೂ ಒಂದು ಬಟ್ಲು ಇಡು" ಎಂದಳು ನಮ್ಮವ್ವ. ಜಗಳೂರಿನ ಅಕ್ಕ ಫೋನಿನಲ್ಲೇ ಪಂಡಿತೆಯಾಗಿ, "ಅಕ್ಕಿ ಯಾಕೆ? ನವಣೆ ಹಾಕಾಕೆ ಹೇಳು" ಎಂದಳು. ನಾನು ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ, ನನ್ನದು ಪಿತ್ತ ಪ್ರಕೃತಿ ಎಂದು ನಾನೇ ಪತ್ತೆ ಹಚ್ಚಿಕೊಂಡೆ. ಹಾಗಾಗಿ ನನಗೆ ತುಪ್ಪದ ಗಂಜಿ, ಅವ್ವನಿಗೆ ಶುಂಠಿ ಹಾಕಿದ್ದು, ಗಂಜಿ ಒಲ್ಲೆನೆಂದ ಮಗಳಿಗೆ ಒಗ್ಗರಣೆ ಮಂಡಕ್ಕಿ. ಒಲೆ ಮುಂದೆ ನಿಂತವಳು ಮಾತ್ರ ಒಬ್ಬಳೇ. ಎದೆಯುರಿ ಇದ್ದದ್ದೂ ಅವಳಿಗೇ, ಅದು ಬೇರೆ ಮಾತು.

ನಮ್ಮ ಮನೆಯಲ್ಲಿ ಎಲ್ಲರೂ ತಿಂದೆದ್ದ ಮೇಲೆಯೇ ಸೊಸೆ ತಟ್ಟೆ ಹಾಕಿಕೊಳ್ಳುವುದು. ಯಾರೂ ಅಪ್ಪಣೆ ಮಾಡಿದ್ದಲ್ಲ, ಹಾಗೇ ನಡೆದುಕೊಂಡು ಬಂದಿದೆ. ನಾನು ಏಳೂವರೆಗೆ ಹಬೆಯಾಡುವ ಗಂಜಿ ಮುಗಿಸಿ ಎರಡನೇ ಸಲ ಬಟ್ಟಲು ಚಾಚುತ್ತಿದ್ದೆ. ತಿಂಗಳೊಳಗೆ ನನ್ನ ಮುಖಕ್ಕೆ ಕಳೆ ಬಂತು. ಸಿಕ್ಕಸಿಕ್ಕವರಿಗೆಲ್ಲ ಆಯುರ್ವೇದದ ಮಹಿಮೆ ಹೇಳುತ್ತ ತಿರುಗಿದೆ. ಅವಳ ಉರಿ ಮಾತ್ರ ಇದ್ದ ಹಾಗೇ ಇತ್ತು. ಪಂಡಿತರ ಕೈಗುಣವೇ ಸರಿಯಿಲ್ಲವೆಂದು ತೀರ್ಪು ಕೊಟ್ಟು, ದಬಾಯಿಸಲಿಕ್ಕೆಂದೇ ಅವಳನ್ನು ಕರೆದುಕೊಂಡು ಮತ್ತೆ ನ್ಯಾಮತಿಗೆ ಹೋದೆ.

"ಗಂಜಿ ಎಷ್ಟೊತ್ತಿಗೆ ತಿಂತೀರಮ್ಮ?" ಎಂದು ಪಂಡಿತರು ಅವಳ ನಾಡಿ ಹಿಡಿದು ಕೇಳಿದರು.

"ಏಳೂವರೆ ಅಂದ್ರೆ ಏಳೂವರೆ ರೀ. ಒಂದು ನಿಮಿಷ ಆಕಡೆ ಈಕಡೆ ಇಲ್ಲ" ಎಂದೆ ನಾನು.

"ಅದು ಇವರು ತಿನ್ನೋ ಟೈಮು ರೀ" ಎಂದಳು ಅವಳು, ತಲೆ ಎತ್ತದೆ. "ನನ್ನ ಸರದಿ ಬರಾಕೆ ಹನ್ನೊಂದಾಗ್ತೈತೆ. ಗಂಜಿ ಉಳಿದಿದ್ರೆ ಗಂಜಿ, ಇಲ್ಲಾಂದ್ರೆ ರಾತ್ರಿ ಮಿಕ್ಕಿದ್ದ ರೊಟ್ಟಿ."

ಪಂಡಿತರು ಅವಳ ಕೈ ಬಿಟ್ಟು ನನ್ನ ನಾಡಿ ಹಿಡಿದರು. "ನಿಮ್ಮ ಜೀರ್ಣಶಕ್ತಿ ಭಾರಿ ಐತೆ ಬಿಡ್ರಿ. ಹೆಂಡ್ತಿ ಪಥ್ಯನೂ ಅರಗಿಸ್ಕಂಡೀರಿ!"

ಬಾಗಿಲಲ್ಲಿ ಕೂತಿದ್ದ ರೋಗಿಗಳು ಕಿಸಕ್ಕನೆ ನಕ್ಕರು. ಥೂ, ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಬಸ್ಸಿನಲ್ಲಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮರುದಿನ ಗಂಜಿ ಇಳಿಸಿದ ಕೂಡಲೇ ನಾನೇ ಒಂದು ಬಟ್ಟಲಿಗೆ ಬಡಿಸಿ, ತುಪ್ಪ ಹಾಕಿ ಅವಳ ಮುಂದಿಟ್ಟೆ. ಅವ್ವ ಇಬ್ಬರನ್ನೂ ನೋಡಿ, ತನ್ನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೆಂಡತಿ ಕೂರಲಿಲ್ಲ. ಒಲೆಯ ಪಕ್ಕ ನಿಂತೇ ಒಂದು ಗುಟುಕು ಕುಡಿದು, "ಉಪ್ಪು ಕಮ್ಮಿ ಆಗೈತೆ" ಎಂದಳು. ಇಷ್ಟು ವರ್ಷ ಆ ಮಾತು ಹೇಳುವ ಕೆಲಸ ನನ್ನದಾಗಿತ್ತು.