ಸವತಿಯ ಹೆಸರಿನ ಮಸೂದೆ

ನನ್ನ ತಮ್ಮನ ಎರಡನೆಯ ಹೆಂಡತಿಯ ಬಗ್ಗೆ ಹೇಳಬೇಕೆಂದರೆ ಮೊದಲನೆಯವಳಿಂದಲೇ ಶುರು ಮಾಡಬೇಕು. ಹೀಗೆಂದರೆ ಎರಡನೆಯವಳಿಗೆ ಮೈಯೆಲ್ಲ ಉರಿಯುತ್ತದೆ. ಉರಿಯಲಿ ಬಿಡಿ, ನಾನೇನು ಮಾಡಲಿ? ಸತ್ತವಳನ್ನು ನಾವು ಹಿರಿಯವಳು ಎನ್ನುತ್ತೇವೆ, ಇವಳನ್ನು ಕಿರಿಯವಳು. ಹಾಗೆ ಕರೆಯಲು ಶುರು ಮಾಡಿದವಳೂ ನಾನೇ, ಅದಕ್ಕಾಗಿ ಇವಳಿಂದ ಬೈಸಿಕೊಂಡವಳೂ ನಾನೇ.

ನಾವೆಲ್ಲ ಒಂದೇ ಕೋಲ್ಡ್ ಸ್ಟೋರೇಜಿನ ಜನ. ತಮ್ಮ ಕಂಪ್ರೆಸರ್ ನೋಡಿಕೊಳ್ಳುತ್ತಾನೆ, ನನಗೆ ತೂಕದ ಮೇಜು. ಹಿರಿಯವಳು ಕೋಲ್ಡ್ ರೂಮಿನೊಳಗೆ ಮೀನಿನ ಪೆಟ್ಟಿಗೆ, ಬಟಾಣಿ ಚೀಲ ಜೋಡಿಸುತ್ತಿದ್ದಳು. ಆ ಕೋಣೆಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಒಳಗೆ ಹಿಡಿ ಇಲ್ಲ, ಗಂಟೆ ಇಲ್ಲ. ಒಂದು ಗೇಣು ದಪ್ಪದ ಬಾಗಿಲು, ಕೂಗಿದರೆ ಕೇಳಿಸುವುದೂ ಇಲ್ಲ. ಅದಕ್ಕೇ ನಮ್ಮಲ್ಲಿ ಒಂದು ರೂಢಿ ಬಿದ್ದುಬಿಟ್ಟಿತ್ತು. ಒಳಗೆ ಹೋಗುವವರು ಗೋದಾಮಿನ ರಬ್ಬರ್ ಬೂಟು ಹಾಕಿಕೊಂಡು ತಮ್ಮ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡಬೇಕು. ಚಪ್ಪಲಿ ಇದೆ ಎಂದರೆ ಒಳಗೆ ಜನ ಇದ್ದಾರೆ ಎಂದರ್ಥ. ಇಲ್ಲದಿದ್ದರೆ ಮೇಸ್ತ್ರಿ ಬಾಗಿಲು ಜಡಿದು ಮನೆಗೆ ಹೋಗಬಹುದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ತಪ್ಪದೆ ಪಾಲಿಸುತ್ತಿದ್ದೆವು.

ಒಂದು ಸಂಜೆ ಮೇಸ್ತ್ರಿ ನೋಡಿದ, ಚಪ್ಪಲಿ ಇರಲಿಲ್ಲ, ಬಾಗಿಲು ಹಾಕಿದ. ಹಿರಿಯವಳು ಒಳಗಿದ್ದಳು. ಅಂದು ತಮ್ಮನಿಗೆ ರಾತ್ರಿ ಪಾಳಿ. ಹೆಂಡತಿ ಮನೆ ಸೇರಿದ್ದಾಳೆ ಅಂದುಕೊಂಡು ಅವನು ಬೆಳಗಿನವರೆಗೆ ಕಂಪ್ರೆಸರ್ ಓಡಿಸಿದ. ಅವಳನ್ನು ಕೊಂದ ಚಳಿಯನ್ನು ತಯಾರಿಸಿದವನು ಅವನೇ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲು ಒಳಗೆ ನುಗ್ಗಿದವನೂ ಅವನೇ. ಚಪ್ಪಲಿಯನ್ನು ಯಾರೋ ಸರಿಸಿರಬೇಕು ಎಂದು ಎಲ್ಲರೂ ಅಂದರು. ಯಾರು ಎಂದು ಗೊತ್ತಾಗಲೇ ಇಲ್ಲ.

ಆಮೇಲೆ ಕೆಲವು ವರ್ಷ ಅವನು ಮಾತು ಮರೆತವನ ಹಾಗಿದ್ದ. ಹೀಗೇ ಬಿಟ್ಟರೆ ಆಗದು ಅಂತ ನಾನೇ ಮುಂದೆ ನಿಂತು ಎರಡನೆಯ ಮದುವೆ ಮಾಡಿಸಿದೆ. ಕಿರಿಯವಳು ಅಷ್ಟರಲ್ಲಾಗಲೇ ಹಿರಿಯವಳ ಜಾಗಕ್ಕೆ ಕೆಲಸಕ್ಕೆ ಸೇರಿದ್ದಳು. ಗಟ್ಟಿಗಿತ್ತಿ, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅವಳ ಕೆಲಸಕ್ಕೂ ಇವಳೇ, ಅವಳ ಮನೆಗೂ ಇವಳೇ. ಒಲವು ಒಲವಾಗಲಿಲ್ಲ, ಜಗಳ ಜಗಳವಾಗಲಿಲ್ಲ, ಸಂಸಾರ ಹೇಗೋ ಉರುಳುತ್ತಿತ್ತು.

ಅಷ್ಟರಲ್ಲಿ ತಮ್ಮನ ಮನೆಗೆ ಎಂಪಿ ಬಂದರು.

ಹೊಸದಾಗಿ ಗೆದ್ದ ಹೆಂಗಸು, ದಪ್ಪ ಕನ್ನಡಕ, ಮಾತು ಕಡಿಮೆ. ಇಂಥ ಬಾಗಿಲಿಗೆಲ್ಲ ಒಳಗಿನಿಂದ ತೆರೆಯುವ ಹಿಡಿ, ಒತ್ತಿದರೆ ಹೊರಗೆ ಬಾರಿಸುವ ಗಂಟೆ ಇರಲೇಬೇಕು ಅಂತ ಪಾರ್ಲಿಮೆಂಟಿನಲ್ಲಿ ಒಂದು ಮಸೂದೆ ತರುತ್ತೇನೆ ಎಂದರು. ಸರ್ಕಾರದ ಮಸೂದೆಯಲ್ಲ, ಒಬ್ಬ ಸದಸ್ಯೆಯಾಗಿ ತಾವೇ ತರುವುದು. ಅಂಥವು ಕಾನೂನಾಗುವುದು ಅಪರೂಪ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಹಿರಿಯವಳ ಹೆಸರು ಹೇಳಿ, ಅವಳಿಗಾದದ್ದನ್ನು ಹೇಳಿ ಮಂಡಿಸಬೇಕೆಂದಿದ್ದೇನೆ, ನಿಮ್ಮ ಒಪ್ಪಿಗೆ ಬೇಕು ಎಂದು ತಮ್ಮನನ್ನು ಕೇಳಿದರು. ಅವಳು ಹೇಗಿದ್ದಳು ಎಂದೂ ಕೇಳಿದರು.

ಹತ್ತು ಸಲ ಕೇಳಿದರೆ ಒಂದು ಸಲ ಹೂಂ ಅನ್ನುವ ನನ್ನ ತಮ್ಮ ಆ ದಿನ ಬಾಯಿ ತೆರೆದವನು ಮುಚ್ಚಲಿಲ್ಲ. ಅವಳು ನಕ್ಕರೆ ಹೇಗೆ, ಮುನಿದರೆ ಹೇಗೆ, ಬಟ್ಟೆ ಒಣಹಾಕುವಾಗ ಏನು ಗುನುಗುತ್ತಿದ್ದಳು, ಎಲ್ಲ. ಕಿರಿಯವಳು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಚಹಾ ಆರಿ ತಣ್ಣಗಾಯಿತು. ಕೊನೆಗೆ ಎಂಪಿಯ ಸಹಾಯಕ ಫೋಟೋ ತೆಗೆಯಲು ಎದ್ದ. ಗೋಡೆಯ ಮೇಲಿನ ಹಿರಿಯವಳ ಪಟ, ಅದರ ಕೆಳಗೆ ತಮ್ಮ. ಸಹಾಯಕ ಕಿರಿಯವಳ ಕಡೆ ನೋಡಿ, ಸ್ವಲ್ಪ ಪಕ್ಕಕ್ಕೆ ಸರೀತೀರಾ ಅಂದ. ಅವಳ ಮನೆಯಲ್ಲಿ ಅವಳನ್ನೇ. ಅವನ ಮುಖಕ್ಕೆ ಆ ಚಹಾ ಎರಚದೆ ಬಿಟ್ಟದ್ದೇ ದೊಡ್ಡದು.

ಅಲ್ಲಿಂದ ಅವಳ ಹೊಟ್ಟೆಯುರಿ ನೋಡಬೇಕಿತ್ತು. ಮಣ್ಣಿನ ಗೊಂಬೆಯಾದರೂ ಸವತಿ ಸವತಿಯೇ ಅನ್ನುತ್ತಾರಲ್ಲ, ಇದು ಪಟದೊಳಗಿನ ಸವತಿ. ತೂಕದ ಮೇಜಿನ ಹತ್ತಿರ ಬಂದು ನಿಲ್ಲುವಳು. ಅವಳು ನನಗಿಂತ ಎತ್ತರ ಇದ್ದಳಾ, ಅವಳ ಕೈಯಡುಗೆ ನಿಜವಾಗಿ ಅಷ್ಟು ಚೆನ್ನಾಗಿತ್ತಾ, ಅವನ ಜೊತೆ ಜಗಳ ಆಡುತ್ತಿದ್ದಳೋ ಇಲ್ಲವೋ ಎಂದು ಕೆದಕಿ ಕೆದಕಿ ಕೇಳುವಳು. ಹಿರಿಯವಳ ಅಡುಗೆಯಲ್ಲಿ ಯಾವಾಗಲೂ ಉಪ್ಪು ಮುಂದು, ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಕಣೇ ಅಂದೆ. ಆ ದಿನ ಹಾಲು ಕುಡಿದಷ್ಟು ಸಂತೋಷದಿಂದ ಮನೆಗೆ ಹೋದಳು. ಮರುದಿನ ಬಂದು, ಹಾಗಾದರೆ ಉಪ್ಪು ಜಾಸ್ತಿಯಾದರೂ ಅವನು ತುಟಿಪಿಟಕ್ಕೆನ್ನದೆ ತಿನ್ನುತ್ತಿದ್ದನೇ ಎಂದು ಹೊಸ ಉರಿ ಹಚ್ಚಿಕೊಂಡಳು. ಇಂಥವಳಿಗೆ ಏನು ಮದ್ದು ಕೊಡುತ್ತೀರಿ?

ಗೋದಾಮಿನವರು ಬೇರೆ ಆ ಮಸೂದೆಯನ್ನು ಹಿರಿಯವಳ ಹೆಸರಿನಿಂದಲೇ ಕರೆಯತೊಡಗಿದರು. ಬಾಯಿ ತೆರೆದರೆ ಆ ಹೆಸರು. ನಾನು ಬುದ್ಧಿ ಹೇಳಿದೆ. ಆ ಕೋಣೆಗೆ ದಿನಾ ಹೋಗುವವಳು ನೀನು, ಬಾಗಿಲಿಗೆ ಹಿಡಿ ಬಂದರೆ ಉಳಿಯುವುದು ನಿನ್ನ ಜೀವ, ಹೆಸರು ಯಾರದ್ದಾದರೇನು ಎಂದೆ.

“ಅದೇ ಅತ್ತಿಗೆ ನನ್ನ ಸಂಕಟ,” ಅಂದಳು. “ನಾಳೆ ನಾನು ಆ ಹಿಡಿ ತಿರುಗಿಸಿ ಹೊರಗೆ ಬಂದ್ರೆ ಅವಳೇ ನನ್ನ ಕಾಪಾಡಿದ ಹಾಗಾಗುತ್ತೆ. ಸವತಿ ಋಣದಲ್ಲಿ ಉಸಿರಾಡಬೇಕಾ ನಾನು?”

ಮಸೂದೆ ಬರಬೇಕು, ಹೆಸರು ಬರಬಾರದು, ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ತಮ್ಮನಿಗೋ, ಹೆಸರು ಬಂದರೆ ಸಾಕು. ಅಷ್ಟು ದೊಡ್ಡ ಸಭೆಯಲ್ಲಿ, ದೇಶವೆಲ್ಲ ಕೇಳುವ ಜಾಗದಲ್ಲಿ ಒಂದೇ ಒಂದು ಸಲ ಅವಳ ಹೆಸರು ಹೇಳಿಬಿಟ್ಟರೆ ತನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದ.

ಮಂಡನೆಗೆ ಒಂದು ವಾರ ಇದೆ ಎನ್ನುವಾಗ ಕಿರಿಯವಳು ಬೆಳಗಾಗುತ್ತಲೇ ನನ್ನ ಮನೆಗೆ ಬಂದು, ಎಂಪಿ ಆಫೀಸಿಗೆ ಹೋಗಬೇಕು, ಜೊತೆಗೆ ಬನ್ನಿ ಅಂದಳು. ಯಾಕೆ ಎಂದರೆ ಅಲ್ಲೇ ಹೇಳುತ್ತೇನೆ ಎಂದಳು. ಮುಖ ಮಾತ್ರ ಕೆಂಡ. ಎಂಪಿಯ ಆಫೀಸಿನಲ್ಲಿ ಬೆಂಚು ತುಂಬ ಜನ, ಅಹವಾಲಿನವರು. ನಮ್ಮನ್ನು ಒಳಗೆ ಕರೆಯುವ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು.

ಎಂಪಿ ಕುರ್ಚಿ ತೋರಿಸಿದರೂ ಕಿರಿಯವಳು ಕೂರಲಿಲ್ಲ.

“ನೀವು ಓದೋ ಭಾಷಣದಲ್ಲಿ ಒಂದು ತಪ್ಪಿದೆ ಮೇಡಂ,” ಅಂದಳು. “ಚಪ್ಪಲೀನ ಯಾರೂ ಸರಿಸ್ಲಿಲ್ಲ. ಅವಳು ಬಿಟ್ಟೇ ಇರ್ಲಿಲ್ಲ. ಗಂಡ ತಂದುಕೊಟ್ಟಿದ್ದ ಹೊಸ ಚಪ್ಪಲಿ, ಹೊರಗೆ ಬಿಟ್ರೆ ಯಾರಾದ್ರೂ ಹಾಕ್ಕೊಂಡು ಹೋಗ್ತಾರೆ ಅಂತ ಕೋಟಿನೊಳಗೆ ಇಟ್ಕೊಂಡು ಹೋಗಿದ್ಳು. ಬೆಳಿಗ್ಗೆ ಅವಳ ಎದೆ ಮೇಲಿಂದ ಅದನ್ನ ತೆಗೆದು ಬಚ್ಚಿಟ್ಟೋನು ನನ್ನ ಗಂಡ. ನಿನ್ನೆ ನೀವು ಕಳಿಸಿದ ಭಾಷಣದ ಪ್ರತಿ ಹಿಡ್ಕೊಂಡು ಬಂದು, ಸುಳ್ಳು ಓದಿಸ್ತಿದೀನಿ ಅಂತ ನನ್ನ ಮುಂದೆ ಹೇಳ್ಕೊಂಡ.”

ಆ ಬೆಳಿಗ್ಗೆ ತಮ್ಮ ಕೋಲ್ಡ್ ರೂಮಿನಿಂದ ಹೊರಗೆ ಬಂದದ್ದು, ತನ್ನ ಕೋಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದದ್ದು ನೆನಪಾಯಿತು. ಚಳಿಗೆ ಹಾಗೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಇಷ್ಟು ವರ್ಷ ನನಗೆ ಹೇಳಲಿಲ್ಲ, ಒಡಹುಟ್ಟಿದವಳಿಗೆ. ಇವಳಿಗೆ ಹೇಳಿದ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಇವಳ ಮೇಲೆ ಹೊಟ್ಟೆ ಉರಿಯಿತು.

ಎಂಪಿ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಮಸೂದೆ ನಿಲ್ಲಲ್ಲ,” ಅಂದರು. “ಚಪ್ಪಲಿ ಬಿಟ್ರೂ ಬಿಡದಿದ್ರೂ ಬಾಗಿಲು ಒಳಗಿಂದ ತೆರೀಬೇಕು. ಆದ್ರೆ ಅವರ ಹೆಸರು ಇನ್ನು ಹೇಳೋಕಾಗಲ್ಲ. ಹೇಳಿದ್ರೆ ಗೋದಾಮಿನ ಮಾಲೀಕರು ನಾಳೆ ಇದನ್ನೇ ಹಿಡ್ಕೊಂಡು, ತಪ್ಪು ಸತ್ತವಳದ್ದು, ಬಾಗಿಲದ್ದಲ್ಲ ಅಂತಾರೆ. ನಿಮ್ಮ ಯಜಮಾನರಿಗೆ ನಾನು ಫೋನ್ ಮಾಡ್ಲಾ, ನೀವೇ ಹೇಳ್ತೀರಾ?”

ತಾನೇ ಹೇಳುತ್ತೇನೆ ಎಂದಳು ಕಿರಿಯವಳು.

ರಸ್ತೆಗೆ ಬಂದದ್ದೇ ತಡ, ಬಾಯಿಗೆ ಬಂದಂತೆ ಬೈದೆ. ಕಟ್ಟಿಕೊಂಡ ಗಂಡ ಮೊದಲ ಸಲ ನಿನ್ನ ಹತ್ತಿರ ಮನಸ್ಸು ಬಿಚ್ಚಿದರೆ ಅದನ್ನು ಒಯ್ದು ಎಂಪಿಯ ಮೇಜಿನ ಮೇಲೆ ಇಟ್ಟೆಯಲ್ಲೇ, ನೀನು ಮನುಷ್ಯಳಾ ಎಂದೆ. ಬಸ್ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು.

“ನನಗೆ ಅವನು ಇಷ್ಟು ದಿನದಲ್ಲಿ ಒಂದು ಜೊತೆ ಚಪ್ಪಲಿ ತಂದುಕೊಟ್ಟಿಲ್ಲ ಅತ್ತಿಗೆ,” ಅಂದಳು.

ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅವನು ಎದೆ ಒಡೆದುಕೊಂಡು ಹೇಳಿದ್ದರಲ್ಲಿ ಇವಳ ಕಿವಿಗೆ ಬಿದ್ದದ್ದು ಇಷ್ಟು. ಬಸ್ಸು ಬಂತು, ಹತ್ತಿದೆವು.

ತಾನೇ ಹೇಳುತ್ತೇನೆ ಅಂದವಳು ಹೇಳಲಿಲ್ಲ. ದಿನಾ ಕಣ್ಣಲ್ಲೇ ಕೇಳುವೆ, ದಿನಾ ತಲೆ ಅಲ್ಲಾಡಿಸುವಳು. ನಾನಾದರೂ ಹೇಳಬಹುದಿತ್ತು. ಅವನ ಮುಖ ನೋಡಿದ ಕೂಡಲೇ ಮಾತನ್ನು ಬೇರೆ ಕಡೆಗೆ ಹೊರಳಿಸಿಬಿಡುತ್ತಿದ್ದೆ. ಭಾಷಣದ ತಪ್ಪಿನ ಬಗ್ಗೆ ಅವನೂ ಎಂಪಿಗೆ ಹೇಳಲಿಲ್ಲ. ಹೇಳಿದರೆ ಹೆಸರು ಹೋಗುತ್ತದೆ ಎನ್ನುವುದು ಅವನಿಗೂ ಹೊಳೆದಿರಬೇಕು. ಬದಲಿಗೆ, ಮಂಡನೆಯ ದಿನ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಟೀವಿ ಹಾಕಿಸುತ್ತೇನೆ, ಎಲ್ಲರೂ ಬನ್ನಿ ಎಂದು ಪಾಳಿಯವರನ್ನೆಲ್ಲ ಕರೆದ. ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಇಸ್ತ್ರಿ ಮಾಡಿಕೊಟ್ಟವಳು ಕಿರಿಯವಳೇ.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮ್ಮ ಟೀವಿಯ ಮುಂದೆ ಕೈಕಟ್ಟಿ ನಿಂತಿದ್ದ, ಅವನ ಪಕ್ಕದಲ್ಲಿ ಕಿರಿಯವಳು. ಪಾರ್ಲಿಮೆಂಟಿನಲ್ಲಿ ಅರ್ಧ ಕುರ್ಚಿ ಖಾಲಿ. ಇದ್ದವರು ಬೇರೆ ಯಾವುದೋ ವಿಷಯಕ್ಕೆ ಎದ್ದು ನಿಂತು ಅರಚುತ್ತಿದ್ದರು. ಆ ಸಂತೆಯ ನಡುವೆ ನಮ್ಮ ಎಂಪಿ ಎದ್ದರು. ಬಾಗಿಲು, ಹಿಡಿ, ಗಂಟೆ ಎಂದರು. ಒಳಗೆ ಸಿಕ್ಕಿ ಸತ್ತ ಒಬ್ಬ ಕೆಲಸಗಾರ್ತಿ ಎಂದರು. ಅಷ್ಟೇ, ಒಬ್ಬ ಕೆಲಸಗಾರ್ತಿ. ಅಧ್ಯಕ್ಷರು ಏನೋ ಹೇಳಿದರು, ಎಂಪಿ ಕೂತರು, ಟೀವಿಯವರು ಜಾಹೀರಾತು ಹಾಕಿದರು.

ತಮ್ಮ ಮೆಲ್ಲಗೆ ತಿರುಗಿದ. ನನ್ನನ್ನು ಕೇಳಬಹುದಿತ್ತು, ಮೇಸ್ತ್ರಿಯನ್ನು ಕೇಳಬಹುದಿತ್ತು. ಕೇಳಿದ್ದು ಹೆಂಡತಿಯನ್ನು.

“ಗಲಾಟೆಯಲ್ಲಿ ನನಗೆ ಕೇಳಿಸ್ಲಿಲ್ಲ. ಅವಳ ಹೆಸರು ಹೇಳಿದ್ರಾ?”

ಕಿರಿಯವಳಿಗೆ ಬೇಕಾದದ್ದು ಕೈಗೆ ಬಂದಿತ್ತು. ಹೇಳಲಿಲ್ಲ ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

“ಹೇಳಿದ್ರಲ್ಲ,” ಅಂದಳು. “ನನಗೆ ಚೆನ್ನಾಗಿ ಕೇಳಿಸ್ತು.” ಆಮೇಲೆ ಹಿರಿಯವಳ ಹೆಸರನ್ನು, ತಂದೆಯ ಹೆಸರೂ ಸೇರಿಸಿ, ಎಂಪಿ ಹೇಳಿದ್ದರೆ ಹೇಗೆ ಹೇಳುತ್ತಿದ್ದರೋ ಹಾಗೆ ಸ್ಪಷ್ಟವಾಗಿ ಹೇಳಿದಳು. ಮದುವೆಯಾದ ಮೇಲೆ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಹೌದು ಹೌದು, ನಾವೂ ಕೇಳಿದೆವು ಎಂದು ಮೇಸ್ತ್ರಿ ತಲೆಯಾಡಿಸಿದ. ಉಳಿದವರೂ ತಲೆಯಾಡಿಸಿದರು. ತಮ್ಮ ಅಷ್ಟು ಜನರ ಮುಂದೆ ಕಿರಿಯವಳ ಹೆಗಲಿಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತ. ಅವಳು ಅವನ ಬೆನ್ನು ಸವರುತ್ತ ನಿಂತಿದ್ದಳು. ಅವನ ತಲೆಯ ಮೇಲಿಂದ ನನ್ನನ್ನು ನೋಡಿದ ಆ ಕಣ್ಣಲ್ಲಿ ಪ್ರೀತಿಯೂ ಇತ್ತು, ಧಗಧಗ ಹೊಟ್ಟೆಕಿಚ್ಚೂ ಇತ್ತು. ಅತ್ತದ್ದು ಅವಳಿಗಾಗಿ, ನೆನೆದದ್ದು ನನ್ನ ಹೆಗಲು ಎಂದು ಆಮೇಲೆ ನನ್ನ ಹತ್ತಿರ ಗೊಣಗಿದಳು.

ಮಸೂದೆ ಅಲ್ಲಿಗೇ ನಿಂತಿತು. ಚರ್ಚೆಗೆ ಸರದಿ ಬರಲಿಲ್ಲ, ಆ ಪಾರ್ಲಿಮೆಂಟಿನ ಅವಧಿ ಮುಗಿಯಿತು, ಅದರ ಜೊತೆಗೆ ಮಸೂದೆಯೂ ಬಿದ್ದುಹೋಯಿತು. ಎಂಪಿ ಮತ್ತೆ ಗೆದ್ದರೆ ಮತ್ತೆ ತರುತ್ತಾರಂತೆ. ನಮ್ಮ ಬಾಗಿಲಿಗೆ ಇಂದಿಗೂ ಒಳಗೆ ಹಿಡಿ ಇಲ್ಲ.

ಆದರೆ ಟೀವಿ ನೋಡಿದ ಮರುದಿನದಿಂದ ಒಂದು ಹೊಸ ಅಭ್ಯಾಸ ಶುರುವಾಗಿದೆ. ಕಿರಿಯವಳು ಕೋಲ್ಡ್ ರೂಮಿಗೆ ಹೋದಾಗಲೆಲ್ಲ ತಮ್ಮ ಕಂಪ್ರೆಸರನ್ನು ಜೊತೆಗಾರನಿಗೆ ಒಪ್ಪಿಸಿ ಬಂದು, ಅವಳು ಹೊರಬರುವ ತನಕ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಮೇಸ್ತ್ರಿ ಒಂದೆರಡು ಸಲ ರೇಗಿ, ಸಾಕಾಗಿ ಸುಮ್ಮನಾದ. ಮೊನ್ನೆ ಅವಳು ಮೈಮೇಲಿನ ಮಂಜು ಕೊಡವಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದಳು. ತಮ್ಮ ಆಗಷ್ಟೇ ಕಂಪ್ರೆಸರ್ ಕಡೆಗೆ ನಡೆದಿದ್ದ.

“ಅವಳಿಗೂ ಹೀಗೇ ಬಂದು ನಿಲ್ತಿದ್ನಾ ಅತ್ತಿಗೆ?” ಎಂದು ಕೇಳಿದಳು.

“ಇಲ್ಲ ಕಣೇ,” ಅಂದೆ. “ಅವಳಿಗೆ ನಿಂತಿರ್ಲಿಲ್ಲ.”

ಅವಳ ಮುಖ ಅರಳಿತು. ಹೀಗೆ ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಮೇಲೆ ತಾನು ಕೇಳಿದ್ದೇನು, ನಾನು ಹೇಳಿದ್ದೇನು ಎನ್ನುವುದು ಅವಳಿಗೆ ತಟ್ಟಿತು. ತೂಕದ ಮೇಜಿನ ಅಂಚು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.