ಮುಂದಿನ ಗೇರಿಗೆ ಹಿಂದಕ್ಕೆ ಹೋದ ದೋಣಿ

ರಾಯದುರ್ಗದಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಮೂವತ್ತು ವರ್ಷಕ್ಕೂ ಮೇಲಾಯಿತು. ಒಮ್ಮೆ ಬೆಳುಗುಪ್ಪ ಕಡೆಯವರೊಬ್ಬರು ಬಂದು, ತಮ್ಮ ತೋಟದ ಮೋಟಾರು ಯಾರೂ ಮುಟ್ಟದೆ ತಾನಾಗಿಯೇ ಶುರುವಾಗುತ್ತದೆ, ಅಲ್ಲಿನ ಬಾವಿಗೆ ಬಿದ್ದು ಸತ್ತವನೇ ಬಂದು ಸ್ವಿಚ್ ಹಾಕುತ್ತಾನೆ ಎಂದಿದ್ದರು. ನಾನು ಹೋಗಿ ಸ್ಟಾರ್ಟರ್ ಡಬ್ಬಿ ಬಿಚ್ಚಿ, ಒಳಗೆ ಸುಟ್ಟು ಕರಕಲಾಗಿದ್ದ ಹಲ್ಲಿಯನ್ನು ಇಕ್ಕಳದಲ್ಲಿ ಎತ್ತಿ, "ತಗೊಳ್ರಿ, ನಿಮ್ಮ ದೆವ್ವ" ಎಂದು ಅವರ ಮುಂದೆ ಹಿಡಿದಿದ್ದೆ. ಅದನ್ನು ಎಷ್ಟು ಜನಕ್ಕೆ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಓದಿದವರು ನಕ್ಕರೆ ಬೇಸರವಿಲ್ಲ. ಇನ್ನೊಬ್ಬರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಅಕ್ಕನನ್ನು ಕೊಟ್ಟಿರುವುದು ಮಡಕಶಿರಾ ಹತ್ತಿರದ ಒಂದು ಹಳ್ಳಿಗೆ. ಆ ಊರಿನ ಕೆರೆಯಲ್ಲಿ ನೀರು ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಜನ ಕೆರೆಯಂಗಳದಲ್ಲೇ ಬೋರ್ ಹಾಕಿಸಿ, ಕಂಬ ನೆಟ್ಟು ಕರೆಂಟು ಎಳೆದು ಬೆಳೆ ಬೆಳೆಯುತ್ತಿದ್ದರು. ಕೆಲವು ವರ್ಷಗಳ ಹಿಂದೆ ಕಾಲುವೆಯ ನೀರೂ ಮಳೆಯ ನೀರೂ ಒಟ್ಟಿಗೆ ಬಂದು ಕೆರೆ ಕೋಡಿ ಬಿತ್ತು. ಜಾಲಿಗಿಡ, ಬೋರು, ಹೊಲ ಎಲ್ಲ ಮುಳುಗಿ ಕಂಬಗಳ ಅರ್ಧ ಮಾತ್ರ ನೀರಿನ ಮೇಲೆ ಉಳಿಯಿತು. ಆ ತಂತಿಗಳಲ್ಲಿ ಕರೆಂಟು ಇಲ್ಲವೆಂದೇ ಊರಿನವರೆಲ್ಲ ತಿಳಿದಿದ್ದರು.

ಭಾವ ಊರಿನ ನಾಲ್ಕು ಜನರ ಜೊತೆ ಸೇರಿ ಆ ಕೆರೆಗೆ ಮೀನು ಬಿಟ್ಟರು. ಆಂಧ್ರದ ಕರಾವಳಿಯ ಸಿಂಹಾಚಲಂ ಎಂಬ ಮೀನುಗಾರನಿಂದ ಒಂದು ಹಳೆಯ ದೋಣಿ ತಂದರು. ಅದರ ಹಿಂಬದಿಗೆ ಸಿಕ್ಕಿಸುವ ಪೆಟ್ರೋಲ್ ಮೋಟಾರೂ ಜೊತೆಗೆ ಬಂತು. ಬಂದ ತಿಂಗಳೊಳಗೆ ಅದರ ಗೇರು ಕೆಟ್ಟಿತು. ಲಿವರ್ ಆಡುತ್ತದೆ, ಇಂಜಿನ್ ಕಿರುಚುತ್ತದೆ, ದೋಣಿ ನಿಂತಲ್ಲೇ ನಿಂತಿರುತ್ತದೆ. ನಮ್ಮ ಬರದ ಸೀಮೆಯಲ್ಲಿ ದೋಣಿ ಮೆಕ್ಯಾನಿಕ್ ಎಲ್ಲಿಂದ ಬರಬೇಕು! ಭಾವ ಫೋನಿನಲ್ಲಿ ವಿಡಿಯೋ ನೋಡಿಕೊಂಡು ತಾವೇ ಅರ್ಧ ಬಿಚ್ಚಿ, ಮತ್ತೆ ಜೋಡಿಸಲು ತಿಳಿಯದೆ ನನಗೆ ಫೋನ್ ಮಾಡಿದರು. ನಾನು ಹೋದಾಗ ನಟ್ಟು ಬೋಲ್ಟುಗಳೆಲ್ಲ ಅಕ್ಕನ ಊಟದ ತಟ್ಟೆಯಲ್ಲಿದ್ದವು. ಅಕ್ಕ ಅದಕ್ಕೇ ಸಿಟ್ಟಾಗಿದ್ದಳು.

ನಾನೂ ಅಂಥ ಮೋಟಾರು ಕಂಡಿರಲಿಲ್ಲ. ಆದರೆ ಯಂತ್ರ ಯಂತ್ರವೇ. ಲಿವರ್‌ನಿಂದ ಒಂದು ಕಂಬಿ ಕೆಳಗಿನ ಗೇರಿನ ಡಬ್ಬಿಗೆ ಇಳಿದಿತ್ತು. ಲಿವರ್ ಮುಂದಕ್ಕೆ ತಳ್ಳಿದರೆ ಕಂಬಿ ಕೆಳಗಿಳಿದು ಮುಂದಿನ ಗೇರು ಬೀಳುತ್ತದೆ. ಹಿಂದಕ್ಕೆ ಎಳೆದರೆ ಕಂಬಿ ಮೇಲೆದ್ದು ಹಿಂದಿನ ಗೇರು. ಮಧ್ಯದಲ್ಲಿಟ್ಟರೆ ಎರಡೂ ಇಲ್ಲ. ಇಷ್ಟೇ. ಕಂಬಿಯ ಎರಡು ತುಂಡು ಸೇರುವ ಕಡೆ ಪಿನ್ನು ಮುರಿದಿತ್ತು. ಹಳೆಯ ಡ್ರಿಲ್ ಬಿಟ್‌ನ ಹಿಡಿ ಕತ್ತರಿಸಿ, ಉಜ್ಜಿ, ಹೊಸ ಪಿನ್ನು ಮಾಡಿ ಹಾಕಿದೆ.

ಜೋಡಿಸುವ ಮೊದಲು ಸಿಂಹಾಚಲಂಗೆ ಫೋನ್ ಮಾಡಿ ಒಂದು ಮಾತು ಕೇಳಿದ್ದೆ. "ನೀಳ್ಳಲೋ ದಿಂಪಾಕ ಮುಂದು ವೆನಕ ಗೇರು ವೆಯ್ಯಿ ಅಣ್ಣಾ" ಎಂದು ತೆಲುಗಿನಲ್ಲಿ ಹೇಳಿದ. ನೀರಿಗೆ ಇಳಿಸಿದ ಮೇಲೆ ಮುಂದಿನದು, ಹಿಂದಿನದು, ಎರಡೂ ಗೇರು ಹಾಕಿ ನೋಡು ಎಂದು ನಾನು ಅರ್ಥ ಮಾಡಿಕೊಂಡೆ. ಅಂಗಳದಲ್ಲೇ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಮೋಟಾರು ಇಳಿಸಿ, ಮೂರು ಸಲ ನೋಡಿದೆ. ಮುಂದೆ ಎಂದರೆ ಮುಂದೆ, ಹಿಂದೆ ಎಂದರೆ ಹಿಂದೆ. "ಸರಿಯಾಗೈತ್ರಿ ಭಾವಾ, ಇನ್ನ ಹತ್ತು ವರ್ಷ ನೋಡಂಗಿಲ್ಲ" ಎಂದು ಕೈ ತೊಳೆದುಕೊಂಡೆ.

ಮಟಮಟ ಮಧ್ಯಾಹ್ನ ಕೆರೆಗೆ ಹೋದೆವು. ಗಾಳಿ ಇರಲಿಲ್ಲ, ನೀರು ಅಲುಗದೆ ನಿಂತಿತ್ತು. ಅಕ್ಕ ಹಿಂದಿನ ದಿನ ಹೇಮಾವತಿಯ ಸಿದ್ದೇಶ್ವರನ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಿದ್ದಳು. ಮೋಟಾರಿಗೆ ಕುಂಕುಮ ಹಚ್ಚಿ, ಮೀನಿನ ಮೇವಿನ ಚೀಲ ಇಟ್ಟುಕೊಂಡು ದೋಣಿಯ ಮುಂಭಾಗದಲ್ಲಿ ಕೂತಳು. ಅವಳಿಗೆ ಈಜು ಬರುವುದಿಲ್ಲ. ಭಾವ ಹಿಂದೆ ಮೋಟಾರಿನ ಬಳಿ ಕೂತರು. ನಾನು ಮತ್ತು ಊರಿನ ಐದಾರು ಜನ ದಡದಲ್ಲಿದ್ದೆವು. ಗಳದಿಂದ ನೂಕಿ ದೋಣಿಯನ್ನು ಎದೆಮಟ್ಟದ ನೀರಿಗೆ ತಂದು ಭಾವ ಹಗ್ಗ ಎಳೆದರು. ಇಂಜಿನ್ ಶುರುವಾಯಿತು. ಎದುರಿಗೆ ಎರಡು ಕಂಬಗಳ ನಡುವೆ ಹಾದುಹೋಗುವುದೇ ಅವರ ದಿನದ ದಾರಿ.

ಭಾವ ಲಿವರ್ ಮುಂದಕ್ಕೆ ತಳ್ಳಿದ್ದನ್ನು ನಾನು ಈ ಕಣ್ಣಾರೆ ನೋಡಿದೆ. ದೋಣಿ ಹಿಂದಕ್ಕೆ ಬಂತು. ಸುಮ್ಮನೆ ಜಾರಿದ್ದಲ್ಲ, ರಭಸವಾಗಿ ಬಂದು ನಮ್ಮ ಕಾಲಬುಡದ ಕೆಸರಿಗೆ ನುಗ್ಗಿ ಇಂಜಿನ್ ಬಂದಾಯಿತು. ಅಕ್ಕ ಮೇವಿನ ಚೀಲದ ಮೇಲೆ ಬಿದ್ದಳು. ದಡದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಯಾಕ್ರಿ ಭಾವಾ, ಹಿಂದಿನ ಗೇರ್ ಯಾಕ ಹಾಕಿದ್ರಿ?" ಎಂದು ಕೂಗಿಕೊಂಡೇ ನೀರಿಗಿಳಿದೆ.

"ನಾನೆಲ್ಲಿ ಹಾಕ್ದೆ? ಮುಂದುಕ್ಕೇ ತಳ್ಳಿದ್ದು. ಬಂದು ನೋಡು ಬೇಕಾರೆ" ಎಂದರು ಭಾವ. ಅವರ ಕೈ ಇನ್ನೂ ಲಿವರ್ ಮೇಲಿತ್ತು. ನಾನೂ ಕೈ ಇಟ್ಟು ನೋಡಿದೆ. ಲಿವರ್ ಮುಂದೆಯೇ ಇತ್ತು.

ಆಗಲೇ ನೀರಿನ ಕಡೆಯಿಂದ ಲಟಕ್ಕೆಂದು ಸದ್ದಾಯಿತು. ಎದುರಿನ ಎರಡು ಕಂಬಗಳಲ್ಲಿ ಒಂದು, ಯಾರೂ ಮುಟ್ಟದೆ, ನಿಧಾನವಾಗಿ ವಾಲಿ ತಂತಿಗಳನ್ನು ಎಳೆದುಕೊಂಡು ದಾರಿಗೆ ಅಡ್ಡಲಾಗಿ ನೀರಿಗೆ ಬಿತ್ತು. ಏರಿಯ ಮೇಲಿನ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ನನ್ನ ಕಾಲು ಜುಮ್ಮೆಂದಿತು, ಯಾರೋ ರಟ್ಟೆ ಹಿಡಿದು ನನ್ನನ್ನು ದಡಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಆ ಕಂಬದ ಸುತ್ತ ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ದೋಣಿ ಮುಂದಕ್ಕೆ ಹೋಗಿದ್ದರೆ ಅಷ್ಟು ಹೊತ್ತಿಗೆ ಸರಿಯಾಗಿ ಅಲ್ಲಿಯೇ ಇರುತ್ತಿತ್ತು. ಅಕ್ಕ ದೋಣಿಯಲ್ಲಿ ಮೇವಿನ ಚೀಲದ ಮೇಲೆ ಕೂತೇ ಅಳಲು ಶುರುಮಾಡಿದಳು.

ಕಂಬ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಬುಡದ ಮಣ್ಣು ನೆನೆದಿತ್ತು, ಎಂದಾದರೂ ಬೀಳಬೇಕಿತ್ತು. ನನಗೆ ಬೇಕಾದದ್ದು ಗೇರಿನ ಉತ್ತರ. ಅಂದು ಸಂಜೆಯೇ ಮೋಟಾರು ಬಿಚ್ಚಿದೆ. ಪಿನ್ನು ಹಾಕಿದಲ್ಲೇ ಇತ್ತು. ಕಂಬಿ ನೆಟ್ಟಗಿತ್ತು, ಹಲ್ಲುಗಳು ಸವೆದಿರಲಿಲ್ಲ. ಡ್ರಮ್ಮಿನಲ್ಲಿ ಇಟ್ಟರೆ ಮುಂದೆ ಎಂದರೆ ಮುಂದೆಯೇ. ಲಿವರ್ ಮುಂದಿದ್ದು ಹಿಂದಿನ ಗೇರು ಬೀಳಬೇಕಾದರೆ ಕಂಬಿ ಕೆಳಗಿಳಿಯುತ್ತಲೇ ಮೇಲಕ್ಕೂ ಹೋಗಬೇಕು. ಅದು ಆಗದ ಮಾತು.

ಸಿಂಹಾಚಲಂಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವನು ನನ್ನನ್ನೇ ಗದರಿದ. "ಮುಂದು ವೆನಕ ವೆಯ್ಯಮನ್ನಾನು ಗದಾ!" ಮುಂದಿನದು ಹಿಂದಿನದು ಎಂದು ಅವನು ಹೇಳಿರಲೇ ಇಲ್ಲವಂತೆ. 'ಮೊದಲು ಹಿಂದಕ್ಕೆ ಹಾಕು' ಎಂದು ಹೇಳಿದ್ದನಂತೆ. ಬಿಚ್ಚಿ ಜೋಡಿಸಿದ ಮೋಟಾರನ್ನು ನೀರಿಗಿಳಿಸಿದಾಗ ಮೊದಲು ಹಿಂದಿನ ಗೇರು ಹಾಕಿದರೆ ನೀರೊಳಗೆ ತಿರುಗುವ ರೆಕ್ಕೆಗೆ ಸುತ್ತಿಕೊಂಡ ಹುಲ್ಲು, ದಾರ ಬಿಟ್ಟುಕೊಳ್ಳುತ್ತದೆ, ಅದು ಅವರ ಕಡೆಯ ಪದ್ಧತಿ. ನಮ್ಮ ಕನ್ನಡದಲ್ಲಿ ಮುಂದೆ ಎಂದರೆ ಎದುರಿನ ದಿಕ್ಕು, ತೆಲುಗಿನ ಮುಂದು ಎಂದರೆ 'ಮೊದಲು' ಎಂದೂ ಆಗುತ್ತದೆ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡುವ ನಾನು ತಪ್ಪು ತಿಳಿದೆ. ಯಂತ್ರ ಮಾತ್ರ ಅವನು ಹೇಳಿದಂತೆಯೇ ಮೊದಲು ಹಿಂದಕ್ಕೆ ಬಂತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಅಕ್ಕನಿಗೆ ಯಾವ ಗೊಂದಲವೂ ಇಲ್ಲ. "ಲೋ ತಮ್ಮಾ, ಸಿದ್ದಪ್ಪ ನಿನ್ ಕೈಲಿ ಮಾಡ್ಸವ್ನೆ ಕಣೋ" ಎನ್ನುತ್ತಾಳೆ. ಹೇಮಾವತಿಯ ಸಿದ್ದೇಶ್ವರ ಅವಳಿಗೆ ಸಿದ್ದಪ್ಪ. ನನ್ನ ಕೆಲಸ ಸರಿಯಿತ್ತು ಎಂದರೆ ದೋಣಿ ಹಿಂದಕ್ಕೆ ಬಂದದ್ದು ಯಾಕೆ? ತಪ್ಪಿತ್ತು ಎಂದರೆ ಆ ತಪ್ಪು ಡ್ರಮ್ಮಿನಲ್ಲಿ ಮೂರು ಸಲವೂ ಕಾಣಲಿಲ್ಲ ಯಾಕೆ, ಸಂಜೆಗೆ ಎಲ್ಲಿ ಹೋಯಿತು? ನನ್ನ ಕೈಯನ್ನು ನಾನೇ ನಂಬಬೇಕೋ ಬೇಡವೋ ತಿಳಿಯದೆ ಕೆಲವು ತಿಂಗಳು ಅಂಗಡಿಯಲ್ಲಿ ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿಯುತ್ತಿದ್ದೆ.

ಹೋದ ವರ್ಷ ಅದೇ ಗೇರು ಮತ್ತೆ ಕೆಟ್ಟಿತು. ಹೋದೆ. ಬಿಚ್ಚಿ, ಸವೆದ ಬುಷ್ ಬದಲಾಯಿಸಿ ಜೋಡಿಸುತ್ತಿರುವಾಗ ಅಕ್ಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು.

"ಅವತ್ತು ಹೆಂಗ್ ಮಾಡಿದ್ಯೋ ಹಂಗೇ ಮಾಡಪ್ಪ" ಎಂದಳು.

ಅಂದು ಹೇಗೆ ಮಾಡಿದ್ದೆ ಎಂಬುದು ನನಗೆ ಗೊತ್ತಿದ್ದರಲ್ಲವೇ ಹಾಗೆ ಮಾಡುವುದು!

ಕೆರೆಗೆ ಹೋದೆವು. ಕಂಬಗಳನ್ನೆಲ್ಲ ತೆಗೆದು ಬಹಳ ದಿನವಾಗಿತ್ತು, ನೀರು ಖಾಲಿ ಕಾಣುತ್ತಿತ್ತು. ಈ ಸಲ ಮೊದಲು ಹಿಂದಿನ ಗೇರು ಹಾಕಿಸಿ ನೋಡಿದೆ, ಸರಿಯಿತ್ತು. ಆಮೇಲೆ ಅಕ್ಕ ಯಾವ ಅಳುಕೂ ಇಲ್ಲದೆ ಮುಂಭಾಗದಲ್ಲಿ ಹೋಗಿ ಕೂತು ನನಗೆ ಕೈ ಮಾಡಿದಳು. ಭಾವ ಲಿವರ್ ಮುಂದಕ್ಕೆ ತಳ್ಳಿದರು. ದೋಣಿ ಮುಂದಕ್ಕೆ ಹೋಯಿತು, ಹೋಗಬೇಕಾದಂತೆಯೇ. ದಡದಲ್ಲಿದ್ದವರೆಲ್ಲ ಭೇಷ್ ಎಂದರು. ನನಗೆ ಮಾತ್ರ, ಅವರಿಬ್ಬರೂ ತಿರುಗಿ ಬರುವವರೆಗೆ, ಹೆದರಿಕೆಯಾಗಿತ್ತು.